ಗಂಟಿಲ್ಲದ ದಾರ, ಗಂಟೆಗಳ ಲೆಕ್ಕ

ಧಾರವಾಡದ ಕಡೆ ಕಸೂತಿ ಬಲ್ಲ ಹಿರಿಯರ ಕೈಗೆ ಒಂದು ಸೀರೆ ಕೊಟ್ಟು ನೋಡಿ. ಸೆರಗಿನ ಆನೆ ಅಂಬಾರಿಯನ್ನು ಹೊಗಳುವುದಕ್ಕೂ ಮೊದಲು ಬಟ್ಟೆಯನ್ನು ತಿರುವಿ ಹಾಕುತ್ತಾರೆ. ಹಿಂಬದಿಯಲ್ಲಿ ಗಂಟು ಕಂಡರೆ, ದಾರದ ತುದಿ ಜೋತಾಡುತ್ತಿದ್ದರೆ, ಒಂದು ಗೋಪುರದಿಂದ ಇನ್ನೊಂದು ಗೋಪುರಕ್ಕೆ ದಾರ ಅಡ್ಡ ಹಾರಿದ್ದರೆ ಅವರ ಮುಖ ಸಣ್ಣದಾಗುತ್ತದೆ. ಗವಂತಿ ಹೊಲಿಗೆಯಲ್ಲಿ ಹಾಕಿದ ಚಿತ್ತಾರ ಮುಂದೆ ಹೇಗೋ ಹಿಂದೆಯೂ ಹಾಗೇ ಇರಬೇಕು. ಯಾವುದು ಮೇಲ್ಮೈ, ಯಾವುದು ಒಳಮೈ ಎಂದು ಹೇಳಲು ಬಾರದಿದ್ದರೆ ಕೆಲಸ ಪಾಸು.

ಕಲಾಶಾಲೆಯಲ್ಲಿ ನಾಲ್ಕೈದು ವರ್ಷ ಕಳೆದು, ಕೈಕಸೂತಿಯನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇವೆಂದು ಹೊರಡುವ ಹುಡುಗಿಯರು (ಅಪರೂಪಕ್ಕೆ ಹುಡುಗರೂ) ಬೆಂಗಳೂರು, ಹುಬ್ಬಳ್ಳಿ, ಧಾರವಾಡಗಳಲ್ಲಿ ಈಗ ಕಾಣಸಿಗುತ್ತಾರೆ. ಬಣ್ಣದ ಜ್ಞಾನ ಇರುತ್ತದೆ, ರೇಖೆಯ ಮೇಲೆ ಹಿಡಿತ ಇರುತ್ತದೆ. ಮೊದಲ ದಿಂಬಿನ ಕವರ್ ಮುಗಿಯುವ ಮೊದಲೇ ಅಂಗಡಿಯ ಹೆಸರು, ಲೋಗೊ, ಇನ್‌ಸ್ಟಾಗ್ರಾಂ ಪುಟ ಎಲ್ಲ ತಯಾರಾಗಿರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಕಸುಬಿನಲ್ಲಿ ಅವರು ದಾಟಬೇಕಾದ ಎರಡು ಹೊಸ್ತಿಲುಗಳನ್ನು ಶಾಲೆ ಸಾಮಾನ್ಯವಾಗಿ ತೋರಿಸಿಕೊಟ್ಟಿರುವುದಿಲ್ಲ. ಒಂದು, ಎಳೆ ಎಣಿಸುವುದು. ಇನ್ನೊಂದು, ಗಂಟೆ ಎಣಿಸುವುದು. ಮೊದಲನೆಯದು ಆರು ತಿಂಗಳಲ್ಲಿ ಕೈಗೆ ಹತ್ತಬಹುದು. ಎರಡನೆಯದು ತಿಳಿಯದೆ ಮುಚ್ಚಿಹೋದ ಸಣ್ಣ ಉದ್ಯಮಗಳು ಬೇಕಾದಷ್ಟಿವೆ.

ಎಳೆಯ ವಿಷಯವನ್ನೇ ಮೊದಲು ನೋಡೋಣ. ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ, ಕಾರ್ಬನ್ ಹಾಳೆ ಇಲ್ಲ. ಹಳೆಯ ಕಾಲದ ಚಂದ್ರಕಾಳಿ ಸೀರೆ ಕಪ್ಪು; ಕಪ್ಪಿನ ಮೇಲೆ ಗೆರೆ ಎಳೆದರೂ ಕಾಣುವುದಿಲ್ಲ. ಹಾಗಾಗಿ ನೇಯ್ಗೆಯ ಹಾಸುಹೊಕ್ಕನ್ನೇ ಚೌಕಳಿ ಮಾಡಿಕೊಂಡು, ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ ಎಂದು ಎಣಿಸುತ್ತ ಸೂಜಿ ಮುಂದೆ ಹೋಗುತ್ತದೆ. ಹೋಗುವಾಗ ಅರ್ಧ ಗೆರೆ ಮೇಲೆ ಬೀಳುತ್ತದೆ, ಅರ್ಧ ಕೆಳಗೆ. ತುದಿ ಮುಟ್ಟಿದ ಸೂಜಿ ಅದೇ ತೂತುಗಳ ದಾರಿಯಲ್ಲಿ ವಾಪಸ್ ಬರುತ್ತದೆ. ಬರುವಾಗ ಬಿಟ್ಟ ಜಾಗವೆಲ್ಲ ತುಂಬುತ್ತದೆ. ಇದೇ ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರುವ ಮುರಗಿಯೂ ಇದೇ ಲೆಕ್ಕದ್ದು, ಅದರ ಎರಡೂ ಮೈ ಒಂದೇ. ನೇಯಿಗೆ ಮತ್ತು ಮೆಂತೆಯ ಪಾಡು ಬೇರೆ. ನೇಯಿಗೆಯಲ್ಲಿ ಉದ್ದ ಗಿಡ್ಡ ಹೊಲಿಗೆ ಸಾಲಾಗಿ ಬಿದ್ದು ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಎಂದರೆ ಕತ್ತರಿ ಹೊಲಿಗೆ, ತುಂಬಬೇಕಾದ ಜಾಗವನ್ನು ತುಂಬಲು.

ಒಂದು ನೇರ ಗೆರೆಯಾದರೆ ಹೋಗಿ ಬರುವುದು ಸುಲಭ. ತುಳಸಿಕಟ್ಟೆಯ ಚಿತ್ತಾರದಲ್ಲಿ ಏನು ಮಾಡುವುದು? ಕಟ್ಟೆಯಿಂದ ಕವಲೊಡೆದ ಗೆರೆ, ಗೆರೆಯಿಂದ ಎಲೆ, ಎಲೆಯ ತುದಿಗೆ ಮತ್ತೊಂದು ಚಿಗುರು. ಊರಿನ ಎಲ್ಲ ಓಣಿಗಳಲ್ಲಿ ಪತ್ರ ಹಂಚಿ ಅಂಚೆ ಕಚೇರಿಗೇ ಮರಳುವ ಪೋಸ್ಟ್‌ಮನ್‌ನಂತೆ ಸೂಜಿ ಪ್ರತಿ ಕವಲಿಗೂ ಹೋಗಿ, ಅಲ್ಲಿಂದ ಹಿಂದಿರುಗಿ, ಹೊರಟಲ್ಲಿಗೇ ಬಂದು ನಿಲ್ಲಬೇಕು. ಯಾವ ಗೆರೆಯನ್ನೂ ಮೂರನೇ ಸಲ ತುಳಿಯಬಾರದು, ಯಾವುದನ್ನೂ ಒಂದೇ ಸಲ ತುಳಿದು ಬಿಡಬಾರದು. ಗಂಟು ಹಾಕದೆ ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಹಾಯಿಸಿ ಮುಗಿಸಬೇಕು. ಈ ದಾರಿಯನ್ನು ಅಕ್ಷರ ಬಾರದ ಹೆಂಗಸರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಕಲಿಯುವ ಹುಡುಗಿ ತಪ್ಪು ಕವಲಿಗೆ ನುಗ್ಗಿದರೆ ‘ಹೊಳ್ಳಿ ಬರೂ ದಾರಿ ನೋಡವ್ವಾ’ ಎಂದು ತಿದ್ದುತ್ತಾರೆ.

ಗಣಿತದವರು ಇದನ್ನು ಬಹಳ ತಡವಾಗಿ ಗಮನಿಸಿದರು. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಇಡೀ ಊರು ಸುತ್ತಲು ಸಾಧ್ಯವೇ ಎಂಬ ಒಗಟನ್ನು ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಬಿಡಿಸಿದ್ದು ಗ್ರಾಫ್ ಸಿದ್ಧಾಂತದ ಆರಂಭ ಎನ್ನುತ್ತಾರೆ. ಅದೇ ಸಿದ್ಧಾಂತವನ್ನು ಅಮೆರಿಕದ ಗಣಿತಜ್ಞ ಜೋಶುವಾ ಹೋಲ್ಡನ್ ಈ ಬಗೆಯ ಹೋಗಿ ಬರುವ ಹೊಲಿಗೆಗೆ ಹಚ್ಚಿ ನೋಡಿದರು. ಸೂಜಿ ಕೆಲಸದ ಗಣಿತದ ಬಗ್ಗೆ 2007ರಲ್ಲಿ ಬಂದ ಒಂದು ಪುಸ್ತಕದಲ್ಲಿ ಅವರ ಅಧ್ಯಾಯವಿದೆ. ಅವರು ಸಾಧಿಸಿದ್ದು ಸರಳ ಮಾತು: ಚಿತ್ತಾರದ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಅದು ಎಷ್ಟೇ ಜಟಿಲವಿದ್ದರೂ ಎರಡೂ ಮೈ ಒಂದೇ ಆಗುವಂತೆ ಮುಗಿಸುವ ದಾರಿ ಇದ್ದೇ ಇರುತ್ತದೆ. ಅವರು ನೋಡಿದ್ದು ಯುರೋಪಿನ ಕರಿದಾರದ ಕಸೂತಿಯನ್ನು. ಅಲ್ಲಿ ಈ ಹೊಲಿಗೆಗೆ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರೇ ಅಂಟಿಕೊಂಡಿದೆ, ಏಕೆಂದರೆ ಅವನು ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರ್ ಭಾವಚಿತ್ರದಲ್ಲಿ ತೋಳಿನ ತುದಿಯ ಕಸೂತಿ ಎಳೆ ಎಳೆಯಾಗಿ ಕಾಣುತ್ತದೆ. ಹೊಲಿದವರ ಹೆಸರು ಉಳಿಯಲಿಲ್ಲ, ಚಿತ್ರ ಬರೆದವನ ಹೆಸರು ಹೊಲಿಗೆಗೆ ಬಂತು. ಈ ಕಸುಬಿನ ಕಥೆ ಎಲ್ಲ ಕಡೆಯೂ ಹೀಗೇ.

ಗೆರೆಗಳು ಕೂಡಿಕೊಂಡಿರಬೇಕೆಂಬುದು ಬರೀ ಕುತೂಹಲದ ಮಾತಲ್ಲ, ವ್ಯಾಪಾರಕ್ಕೂ ಸೇರಿದ್ದು. ಕಲಾಶಾಲೆಯಿಂದ ಬಂದವರು ಹೊಸ ನಮೂನೆ ಬರೆಯಲು ಕೂತಾಗ ಎಡವುವುದು ಇಲ್ಲಿಯೇ. ಆಟೊರಿಕ್ಷಾ, ಬೈಸಿಕಲ್ಲು, ಬಾಲ್ಕನಿಯ ಪಾರಿವಾಳ ಎಂದು ಹೊಸ ಕಾಲದ ಚಿತ್ತಾರ ಬರೆಯುತ್ತಾರೆ. ಹಾಳೆಯ ಮೇಲೆ ಸೊಗಸಾಗಿ ಕಾಣುತ್ತದೆ. ಆದರೆ ಪಾರಿವಾಳದ ಕಣ್ಣು ದೇಹದಿಂದ ಬೇರೆಯಾಗಿ ಒಂಟಿ ಚುಕ್ಕೆಯಾಗಿರುತ್ತದೆ, ಸೈಕಲ್ಲಿನ ಗಾಲಿ ದುಂಡಗಿರುತ್ತದೆ. ಒಂಟಿ ಚುಕ್ಕೆಗೆ ದಾರ ಕಡಿದು ಮತ್ತೆ ಹೊಸದಾಗಿ ಶುರು ಮಾಡಬೇಕು; ಕಡಿದಷ್ಟು ಸಲ ಹೊತ್ತು ಹೋಗುತ್ತದೆ, ಹಿಂಬದಿ ಕೆಡುತ್ತದೆ. ಗವಂತಿಯಲ್ಲಿ ದುಂಡು ಇಲ್ಲವೇ ಇಲ್ಲ. ಅಡ್ಡ, ಉದ್ದ, ಓರೆ, ಇಷ್ಟೇ. ತೇರಿನ ಗಾಲಿಯನ್ನು ಹಳಬರು ಎಂಟು ಮೂಲೆ ಮಾಡಿ ಬಗೆಹರಿಸಿದ್ದು ಸುಮ್ಮನೆ ಅಲ್ಲ. ಗೋಪುರ, ಪಲ್ಲಕ್ಕಿ, ತೊಟ್ಟಿಲು, ನಂದಿ, ನವಿಲು, ಗಿಳಿ, ಕಮಲ ಎಂಬ ಹಳೆಯ ಚಿತ್ತಾರಗಳನ್ನು ಗ್ರಾಫ್ ಹಾಳೆಗೆ ಇಳಿಸಿ ನೋಡಿದರೆ ಎಲ್ಲವೂ ಕೂಡಿಕೊಂಡೇ ಇರುವುದು ಕಾಣುತ್ತದೆ. ಹೊಸ ನಮೂನೆ ಬೇಡವೆಂದಲ್ಲ. ಸೂಜಿ ಹಿಡಿಯದೆ ಬರೆದ ನಮೂನೆ ಬೇಡ.

ಇತಿಹಾಸ ಕೇಳಿದರೆ ಪ್ರದರ್ಶನದ ಕರಪತ್ರಗಳು ಚಾಲುಕ್ಯರಿಂದ ಶುರು ಮಾಡಿ, ಮೈಸೂರು ಅರಮನೆಯ ಹೆಂಗಸರು ಕಲಿಯಬೇಕಿದ್ದ 64 ಕಲೆಗಳಿಗೆ ಹಾರಿ, ಅಲ್ಲಿಂದ ಸೀದಾ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಗೆ ಬಂದು ಇಳಿಯುತ್ತವೆ. ಬಟ್ಟೆ ಕಲ್ಲಿನ ಹಾಗೆ ಬಾಳುವುದಿಲ್ಲವಾದ್ದರಿಂದ ಚಾಲುಕ್ಯರ ಮಾತನ್ನು ಅಷ್ಟಕ್ಕೇ ಬಿಡುವುದು ಒಳ್ಳೆಯದು. ಮನೆಯ ಹಿರಿಯರ ಬಾಯಲ್ಲಿ ಬರುವ ಇತಿಹಾಸ ಇದಕ್ಕಿಂತ ಹತ್ತಿರದ್ದು, ಹೆಚ್ಚು ನಂಬಿಕೆಗೆ ಅರ್ಹವಾದದ್ದು: ಮದುವೆಯಾಗಿ ಹೋಗುವ ಮಗಳಿಗೆ ಇಳಕಲ್ ಸೀರೆ, ಅದರಲ್ಲಿ ಒಂದು ಕರಿ ಚಂದ್ರಕಾಳಿ, ಬಸುರಿಗೆ ಕುಬಸ ಮಾಡುವಾಗ ಉಡಲು ಕಸೂತಿಯ ಸೀರೆ, ಹುಟ್ಟಿದ ಕೂಸಿಗೆ ಕುಲಾವಿ, ಕುಂಚಿಗೆ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ಇದೆಲ್ಲ ಮಾರಲು ಮಾಡಿದ್ದಲ್ಲ. ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕೂತು ಮಾಡಿದ್ದು, ಅದಕ್ಕೆ ಕೂಲಿ ಎಂಬುದೇ ಇರಲಿಲ್ಲ.

ಬೆಲೆಯ ತೊಡಕು ಹುಟ್ಟಿದ್ದೇ ಇಲ್ಲಿಂದ. ಕೂಲಿಯಿಲ್ಲದೆ ಬೆಳೆದ ಕೆಲಸಕ್ಕೆ ಕೂಲಿ ಕಟ್ಟಲು ಹೋದರೆ ಕೊಳ್ಳುವವರಿಗೂ ವಿಚಿತ್ರ, ಮಾಡುವವರಿಗೂ ಸಂಕೋಚ. ‘ಮನ್ಯಾಗ ಖಾಲಿ ಕುಂತಾಗ ಮಾಡೂದು, ಅದಕ್ಕೇನ್ ರೊಕ್ಕ’ ಎನ್ನುವ ಮಾತು ಇನ್ನೂ ಸತ್ತಿಲ್ಲ.

ಲೆಕ್ಕಕ್ಕೆಂದು ಒಂದು ಚಿಕ್ಕ ಪದಾರ್ಥ ತೆಗೆದುಕೊಳ್ಳೋಣ. ಗೋಡೆಗೆ ಹಾಕುವ ಒಂದು ಕಸೂತಿ ಚೌಕಟ್ಟು, ಮೂವತ್ತು ಗಂಟೆಯ ಕೆಲಸ. ಗಂಟೆಗೆ 70 ರೂಪಾಯಿ ಹಿಡಿದರೂ ಕೈಗೆಲಸಕ್ಕೆ 2,100. ಬಟ್ಟೆ 350, ದಾರ 100, ತೊಳೆದು ಇಸ್ತ್ರಿ ಮಾಡಿ ಪ್ಯಾಕ್ ಮಾಡುವುದಕ್ಕೆ 150. ಒಟ್ಟು 2,700. ನಮೂನೆ ಬರೆದ ಶ್ರಮ, ಕೆಟ್ಟುಹೋದ ತುಣುಕು, ಬಸ್ ಚಾರ್ಜು, ಫೋಟೊ, ಫೋನು, ಒಂದಿಷ್ಟು ಲಾಭ ಎಲ್ಲ ಸೇರಿ ಅದರ ಮೇಲೆ ಶೇ 25 ಹಾಕಿದರೆ 3,375. ಇದನ್ನು ನಗರದ ಅಂಗಡಿಯಲ್ಲಿ ಇಟ್ಟರೆ, ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ 40 ತಮ್ಮ ಪಾಲು ಎಂದರೆ, ಬೆಲೆಯ ಚೀಟಿ 5,625 ರೂಪಾಯಿ ಆಗಬೇಕು. ಪಕ್ಕದ ಅಂಗಡಿಯಲ್ಲಿ ಅದೇ ಗೋಪುರ, ಅದೇ ಬಣ್ಣ, ಯಂತ್ರದಲ್ಲಿ ಹೊಡೆದದ್ದು ಕೆಲವೇ ನೂರಕ್ಕೆ ಸಿಗುತ್ತಿರುತ್ತದೆ.

ಹೊಸಬರು ಈ ಘಳಿಗೆಯಲ್ಲಿ ಮಾಡುವ ಕೆಲಸ ಒಂದೇ: 70 ರೂಪಾಯಿಯನ್ನು 30 ಮಾಡುತ್ತಾರೆ. ಮೊದಲು ತಮ್ಮ ಗಂಟೆಯನ್ನು, ಆಮೇಲೆ ತಮಗೆ ಹೊಲಿದುಕೊಡುವ ಹಳ್ಳಿಯ ಹೆಂಗಸರ ಗಂಟೆಯನ್ನು. ಮೊದಲ ಆರ್ಡರುಗಳೆಲ್ಲ ಗೆಳತಿಯರ, ನೆಂಟರ ಮನೆಯವು. ಅವರಿಗೆ ಸರಿಯಾದ ಬೆಲೆ ಹೇಳಲು ನಾಲಿಗೆ ಏಳುವುದಿಲ್ಲ. ಒಮ್ಮೆ 1,500ಕ್ಕೆ ಕೊಟ್ಟದ್ದನ್ನು ಮುಂದಿನ ವರ್ಷ 4,000 ಎನ್ನುವುದು ಯಾರಿಗೂ ಸುಲಭವಲ್ಲ. ಕೈಕೆಲಸದ ಸಣ್ಣ ಉದ್ಯಮ ನೆಲ ಕಚ್ಚುವುದು ಗಿರಾಕಿ ಇಲ್ಲದ್ದಕ್ಕಿಂತ ಹೆಚ್ಚಾಗಿ, ಗಿರಾಕಿ ಇದ್ದೂ ನಷ್ಟಕ್ಕೆ ಮಾರಿದ್ದಕ್ಕೆ. ಅದಕ್ಕೇ ಬಲ್ಲವರು ಕೊಡುವ ಮೊದಲ ಸಲಹೆ ಸಪ್ಪೆಯಾಗಿರುತ್ತದೆ: ಸೂಜಿಯ ಪಕ್ಕದಲ್ಲಿ ಗಡಿಯಾರ, ಒಂದು ನೋಟ್‌ಬುಕ್ ಇಡಿ. ಒಂದು ಚಿತ್ತಾರಕ್ಕೆ ಎಷ್ಟು ಹೊತ್ತು ಎಂಬುದು ಗೊತ್ತಿಲ್ಲದೆ ಯಾರಿಗೂ ಬೆಲೆ ಹೇಳಬೇಡಿ.

ಇಂಥ ನೋಟ್‌ಬುಕ್ ಇಟ್ಟವರಲ್ಲಿ ಬಹಳ ಹಿಂದಿನವಳು ಲಂಡನ್ನಿನ ಮೇ ಮೋರಿಸ್. ಕಲಾಶಾಲೆ ಮುಗಿಸಿ ಕೈಕಸೂತಿಯ ವ್ಯವಹಾರ ನಡೆಸಿದವರ ಮಾತು ಬಂದಾಗ ಅವಳನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1862ರಲ್ಲಿ ಹುಟ್ಟಿದವಳು, ಕವಿ-ವಿನ್ಯಾಸಕಾರ ವಿಲಿಯಂ ಮೋರಿಸನ ಮಗಳು. ಸೌತ್ ಕೆನ್ಸಿಂಗ್ಟನ್‌ನ ರಾಷ್ಟ್ರೀಯ ಕಲಾ ತರಬೇತಿ ಶಾಲೆಯಲ್ಲಿ ಕಲಿತು, 1885ರಲ್ಲಿ, ಇಪ್ಪತ್ಮೂರನೇ ವಯಸ್ಸಿಗೆ ತಂದೆಯ ಕಂಪನಿಯ ಕಸೂತಿ ವಿಭಾಗದ ಹೊಣೆ ಹೊತ್ತಳು. ಮದುವೆಯಾದ ಮೇಲೆ ಹ್ಯಾಮರ್‌ಸ್ಮಿತ್ ಟೆರೇಸಿನ ತನ್ನ ಮನೆಯ ನಡುಕೋಣೆಯೇ ಕಾರ್ಯಾಗಾರವಾಯಿತು. ಆರ್ಡರು ಯಾರದು, ಕೆಲಸ ಯಾರದು, ಬೆಲೆ ಎಷ್ಟು ಎಂದು ಬರೆದಿಟ್ಟ ಅವಳ ದಿನಚರಿ ಪುಸ್ತಕ ಇಂದಿಗೂ ಉಳಿದಿದೆ.

ಅವಳ ವಿಭಾಗದ ಒಂದು ಜಾಣತನ ಇಂದಿನ ಹುಡುಗಿಯರಿಗೂ ನೇರವಾಗಿ ಸಲ್ಲುವಂಥದ್ದು. ಪೂರ್ತಿ ಹೊಲಿದ ಪರದೆ ಕೊಳ್ಳಲು ಎಲ್ಲರಿಗೂ ಶಕ್ತಿ ಇರಲಿಲ್ಲ. ಅಂಥವರಿಗೆ ಬಟ್ಟೆಯ ಮೇಲೆ ನಮೂನೆ ಬಿಡಿಸಿ, ಒಂದು ಮೂಲೆಯಲ್ಲಿ ಹೊಲಿಗೆ ಶುರು ಮಾಡಿ, ದಾರದ ಸಮೇತ ಮಾರುತ್ತಿದ್ದರು. ಉಳಿದದ್ದನ್ನು ಕೊಂಡವರೇ ಮನೆಯಲ್ಲಿ ಮುಗಿಸಿಕೊಳ್ಳಬೇಕು. ಮಾರಿದ್ದು ನಮೂನೆಯನ್ನು, ಗಂಟೆಗಳು ಕೊಂಡವರವೇ. ಇಂದು ಮ್ಯಾಟಿ ಬಟ್ಟೆ, ಆರೆಳೆಯ ದಾರದ ಲಡಿ, ಗ್ರಾಫ್ ಹಾಳೆ, ಮೊಂಡು ಸೂಜಿ ಹಾಕಿದ ಕಸೂತಿ ಪೊಟ್ಟಣವೂ ಅದೇ ದಾರಿಯದು. ಒಂದು ಸೀರೆಗೆ ಕೆಲಸದ ದಟ್ಟಣೆ ನೋಡಿ ಕೆಲವು ವಾರದಿಂದ ಕೆಲವು ತಿಂಗಳವರೆಗೆ ಹಿಡಿಯುತ್ತದೆ. ಆ ತಿಂಗಳುಗಳ ಬಾಡಿಗೆ ಕಟ್ಟಲು ಪೊಟ್ಟಣ, ರವಿವಾರದ ತರಗತಿ, ಚಿಕ್ಕ ಚೌಕಟ್ಟುಗಳೇ ಗತಿ.

ಮೇ ಮೋರಿಸಳ ಕೈಕೆಳಗೆ 1888ರಿಂದ 1894ರವರೆಗೆ ಕೆಲಸ ಮಾಡಿದವಳು ಲಿಲಿ ಯೇಟ್ಸ್, ಐರಿಷ್ ಕವಿ ಡಬ್ಲ್ಯು.ಬಿ. ಯೇಟ್ಸನ ತಂಗಿ. ಅವಳೂ ಡಬ್ಲಿನ್ನಿನ ಕಲಾಶಾಲೆಯಲ್ಲಿ ಕಲಿತವಳೇ. ಒಡತಿಯೊಂದಿಗೆ ಅಷ್ಟಕ್ಕಷ್ಟೆ, ಖಾಸಗಿಯಾಗಿ ಅವಳಿಗೆ ಗ್ರೀಕ್ ಪುರಾಣದ ರಕ್ಕಸಿ ‘ಗಾರ್ಗನ್’ ಎಂದು ಹೆಸರಿಟ್ಟಿದ್ದಳು. ಆದರೆ ಕಲಿತದ್ದನ್ನು ಬಿಡಲಿಲ್ಲ. 1902ರಿಂದ ಡಬ್ಲಿನ್ ಬಳಿ ಡನ್ ಎಮರ್ ಎಂಬ ಸಂಸ್ಥೆಯ ಕಸೂತಿ ವಿಭಾಗ ನಡೆಸಿ, 1908ರಲ್ಲಿ ತಂಗಿಯ ಜೊತೆ ಕ್ವಾಲಾ ಇಂಡಸ್ಟ್ರೀಸ್ ಕಟ್ಟಿದಳು. ತಂಗಿಯದು ಮುದ್ರಣ, ಇವಳದು ಸೂಜಿ. ಊರ ಹುಡುಗಿಯರಿಗೆ ಕಲಿಸಿದಳು, ಒಳ್ಳೆಯ ಕೆಲಸ ಮಾಡಿಸಿದಳು. ಸಾಲ ಮಾತ್ರ ಬೆನ್ನು ಬಿಡಲಿಲ್ಲ. ಅಣ್ಣ ಮತ್ತೆ ಮತ್ತೆ ಹಣ ಕೊಟ್ಟು ದಡ ಮುಟ್ಟಿಸಬೇಕಾಯಿತು. ಅವಳ ಆರೋಗ್ಯ ಕೆಟ್ಟು 1930ರ ದಶಕದ ಆರಂಭದಲ್ಲಿ ಕಸೂತಿ ವಿಭಾಗ ಮುಚ್ಚಿತು. ನೊಬೆಲ್ ಪಡೆದ ಅಣ್ಣ ಎಲ್ಲರಿಗೂ ಇರುವುದಿಲ್ಲ.

ನಮ್ಮ ಕಡೆ ಕಲಾಶಾಲೆಗೂ ಕಸೂತಿಗೂ ನಂಟು ಬೆಳೆದದ್ದು ನಿಧಾನ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1930ರ ದಶಕದಲ್ಲಿ ಚಿತ್ರಕಲಾ ಶಾಲೆ ತೆರೆದಾಗ ಕ್ಯಾನ್ವಾಸು, ಕುಂಚ ಊರಿಗೆ ಬಂದವು. ಅದೇ ಊರಿನ ಪಡಸಾಲೆಗಳಲ್ಲಿ ನಡೆಯುತ್ತಿದ್ದ ಸೂಜಿ ಕೆಲಸವನ್ನು ಯಾರೂ ಚಿತ್ರಕಲೆ ಎಂದು ಕರೆಯಲಿಲ್ಲ. ಆಮೇಲೆ ಬಂದ ವಿನ್ಯಾಸ ಶಾಲೆಗಳು (ಬೆಂಗಳೂರಿನ ಸೃಷ್ಟಿ 1996ರಲ್ಲಿ, ನಿಫ್ಟ್ 1997ರಲ್ಲಿ) ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಿ ಕರಕುಶಲದ ದಾಖಲಾತಿ ಮಾಡಿಸುವ ರೂಢಿಗೆ ಬಲ ತಂದವು. ದಾಖಲಾತಿ ಒಳ್ಳೆಯದೇ. ಆದರೆ ಹುಡುಗಿ ಹದಿನೈದು ದಿನ ಬಂದು, ಫೋಟೊ ತೆಗೆದು, ಚೆಂದದ ಪುಸ್ತಕ ಮಾಡಿ ಅಂಕ ಪಡೆಯುತ್ತಾಳೆ. ಪುಸ್ತಕ ಗ್ರಂಥಾಲಯ ಸೇರುತ್ತದೆ. ನಮೂನೆ ಹೇಳಿಕೊಟ್ಟವರ ಕೈಗೆ ಅದರ ಒಂದು ಪ್ರತಿಯಾದರೂ ಮುಟ್ಟುತ್ತದೆಯೇ ಎಂದು ಕೇಳುವವರು ಕಡಿಮೆ. ಮುಂದೆ ಅದೇ ಹುಡುಗಿ ಉದ್ಯಮಕ್ಕೆ ಇಳಿದರೆ ಈ ಪ್ರಶ್ನೆ ದೊಡ್ಡದಾಗುತ್ತದೆ. ನಮೂನೆ ಯಾರದು, ಕೈ ಯಾರದು, ಚೀಟಿಯ ಮೇಲೆ ಹೆಸರು ಯಾರದು?

ಸಾಮಾನ್ಯವಾಗಿ ಕೂಲಿ ಕೊಡುವುದು ಪೀಸ್ ಲೆಕ್ಕದಲ್ಲಿ, ಒಂದು ಬುಟ್ಟಾಕ್ಕೆ ಇಷ್ಟು, ಒಂದು ಗೋಪುರಕ್ಕೆ ಇಷ್ಟು ಎಂದು. ಕೊಡುವವರಿಗೆ ಅನುಕೂಲ. ಕಣ್ಣು ಮಂಜಾದವರಿಗೆ, ಹೊಸದಾಗಿ ಕಲಿಯುವವರಿಗೆ ಅದು ಹೊಡೆತ. ಕೆಲಸ ನಡೆಯುವುದು ಹೊಲ, ಒಲೆ, ದನಕರು ಎಲ್ಲ ಮುಗಿದ ಮೇಲೆ. ಕರಿ ಬಟ್ಟೆಯ ಎಳೆ ಎಣಿಸಲು ಹಗಲು ಬೆಳಕೇ ಬೇಕು, ಸಂಜೆ ಬಲ್ಬಿನಡಿ ಆಗದು. ಅದರ ಮೇಲೆ ಜೋಳ, ಕಡಲೆಯ ಸುಗ್ಗಿಯೂ ಮದುವೆಯ ಹಂಗಾಮೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆರ್ಡರು ಹೆಚ್ಚು ಬರುವ ಹೊತ್ತಿಗೇ ಕೈಗಳು ಹೊಲದಲ್ಲಿ ಇರುತ್ತವೆ. ಕ್ಯಾಲೆಂಡರನ್ನು ಈ ಲೆಕ್ಕದಲ್ಲಿ ನೋಡಲು ಕಲಿತವರು ಉಳಿಯುತ್ತಾರೆ. ಮಾತು ತಪ್ಪಿದರೆಂದು ಹೆಂಗಸರ ಮೇಲೆ ಹರಿಹಾಯ್ದವರು ಎರಡನೇ ವರ್ಷಕ್ಕೆ ಕೈಗಳನ್ನೇ ಕಳೆದುಕೊಳ್ಳುತ್ತಾರೆ.

ಧಾರವಾಡದ ಆರತಿ ಹಿರೇಮಠರ ಆರ್ಟಿಕ್ರಾಫ್ಟ್ಸ್ ಸುತ್ತಲಿನ ಹೆಂಗಸರಿಗೆ ವರ್ಷಗಳಿಂದ ಕಸೂತಿ ಕೆಲಸ ಕೊಡುತ್ತ ಬಂದಿರುವ ಹೆಸರು. ಇನ್ನೂ ದೊಡ್ಡ ಮಾದರಿ ಬೇಕೆಂದರೆ ಸಂಡೂರಿಗೆ ಹೋಗಬೇಕು. ಅಲ್ಲಿನ ಲಂಬಾಣಿ ಕಸೂತಿಯ ಜಾತಿಯೇ ಬೇರೆ: ಕನ್ನಡಿ, ಕವಡೆ, ಗೆಜ್ಜೆ, ತೇಪೆ, ಒಂದರ ಮೇಲೊಂದು ಬೀಳುವ ದಟ್ಟ ಹೊಲಿಗೆ. ಎಂ.ವೈ. ಘೋರ್ಪಡೆಯವರ ಆಸರೆಯಲ್ಲಿ 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರ ಕೆಲಸವನ್ನು 2004 ಮತ್ತು 2012ರಲ್ಲಿ ಯುನೆಸ್ಕೊ ಶ್ರೇಷ್ಠತೆಯ ಮುದ್ರೆಯವರೆಗೆ ಒಯ್ದಿತು. ಹಂಪಿಯಲ್ಲಿ 2023ರ ಜುಲೈಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ದೊಡ್ಡ ಸುದ್ದಿಯಾಯಿತು. ಅದರ ಹಿಂದಿನ ಪಾಠ ಸುದ್ದಿಯಾಗಲಿಲ್ಲ: ಕೆಲಸ ಸತತವಾಗಿ ಸಿಗುವ ಒಂದು ಸೂರು, ಹೊರಗಿನ ವಿನ್ಯಾಸಕಾರರು ಬಂದು ಹೋದರೂ ಜಾಗ ಬಿಡದ ಕಲಿತ ಕೈಗಳು. ಒಬ್ಬಂಟಿ ಕಲಾವಿದೆಗೆ ಇದು ಸಿಗುವುದು ಕಷ್ಟ. ನಾಲ್ಕೈದು ಜನ ಸೇರಿದರೆ ಸಾಧ್ಯ.

ಯಂತ್ರದ ಮಾತು ಬಿಡುವಂತಿಲ್ಲ. ಕಂಪ್ಯೂಟರ್ ಕಸೂತಿ ಯಂತ್ರ ಗವಂತಿಯ ಗೋಪುರವನ್ನು ಕೆಲವೇ ನಿಮಿಷದಲ್ಲಿ ಹೊಡೆಯುತ್ತದೆ. ಅದಕ್ಕೆ ಎರಡು ದಾರ ಬೇಕು, ಮೇಲಿನದೊಂದು, ಬಾಬಿನ್ನಿನದೊಂದು. ಆದ್ದರಿಂದ ಕೆಳಮೈಯಲ್ಲಿ ಬೇರೆ ದಾರ, ಕೆಲವೊಮ್ಮೆ ಅಂಟಿಸಿದ ಹಾಳೆಯಂಥ ಬಟ್ಟೆ ಕಾಣುತ್ತದೆ. ಯಂತ್ರದ್ದನ್ನು ಯಂತ್ರದ್ದೆಂದೇ ಮಾರಿದರೆ ತಕರಾರಿಲ್ಲ. ‘ಧಾರವಾಡ ಕಸೂತಿ’ ಎಂಬ ಚೀಟಿ ಅಂಟಿಸಿ ಮಾರಿದಾಗ ಮೂವತ್ತು ಗಂಟೆ ಕೂತವಳ ಅನ್ನಕ್ಕೆ ಕೈ ಹಾಕಿದಂತೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆ. ಕಾವೇರಿ ಮಳಿಗೆಗಳನ್ನು ನಡೆಸುವ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಲ್ಲಿ ಅದು ನೋಂದಣಿಯಾಗಿದೆ. ಕಾಗದದ ಮೇಲಿನ ಹಕ್ಕು ಪೇಟೆಯ ಕೌಂಟರಿನವರೆಗೆ ಇಳಿದು ಬರಬೇಕಿದೆ.

ಹಣದ ಓಡಾಟ ಇನ್ನೊಂದು ತಲೆನೋವು. ಬಟ್ಟೆಗೆ ನಗದು ಕೊಡಬೇಕು, ಕೂಲಿ ವಾರಕ್ಕೊಮ್ಮೆ ಕೊಡಬೇಕು. ನಗರದ ಮಳಿಗೆಯವರು ಮಾತ್ರ ‘ಮಾರಾಟ ಆದ ಮೇಲೆ ಕೊಡ್ತೀವಿ’ ಎನ್ನುತ್ತಾರೆ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ತಯಾರಕರಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ; ಕಲಾಶಾಲೆಯ ಕೊನೆಯ ವರ್ಷದಲ್ಲಿ ಹೇಳಬೇಕಾದ ಪಾಠ ಇದು. ಸರಕು ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ರಾಜ್ಯದೊಳಗೆ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಡಬಹುದು. ತೊಳೆದು ನೋಡದೆ ಕೆಂಪು ದಾರ ಬಳಸಬೇಡಿ ಎಂಬುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಬಣ್ಣ ಬಿಟ್ಟ ಒಂದು ಸೀರೆ ಸಾಕು, ವರ್ಷದ ಲಾಭ ತೊಳೆದುಹೋಗಲು.

ಸರ್ಕಾರದ ಕಡೆಯಿಂದ ಒಂದು ಕೊರತೆ ಎದ್ದು ಕಾಣುತ್ತದೆ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾದಾಗ 18 ಕಸುಬುಗಳನ್ನು ಪಟ್ಟಿ ಮಾಡಿತು. ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಬಡಗಿ, ಕಮ್ಮಾರ, ಕುಂಬಾರ, ಹೂವಾಡಿಗ, ಮೀನು ಬಲೆ ಹೆಣೆಯುವವರು, ದರ್ಜಿ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಕೈಕಸೂತಿ ಎಂಬ ಪ್ರತ್ಯೇಕ ಕಸುಬಿಲ್ಲ. ಕರಕುಶಲಿಗಳ ಗುರುತಿನ ಚೀಟಿಯಲ್ಲಿ ಜಾಗವಿರುವ ಕಸೂತಿಗೆ ಅಗ್ಗದ ಸಾಲದ ಪಟ್ಟಿಯಲ್ಲಿ ಜಾಗವಿಲ್ಲದಿರುವುದು ಸರಿಪಡಿಸಬಹುದಾದ ಸಂಗತಿ. ಕರ್ನಾಟಕದ ಸಂಸದರು ಯಾರಾದರೂ ಕೇಳಬೇಕಷ್ಟೆ.

ಪಡಸಾಲೆಯಲ್ಲಿ ಕೂತು ಮಗಳಿಗೆ ಗವಂತಿ ಕಲಿಸುವ ತಾಯಂದಿರು ಈಗ ವಿರಳ. ಮಗಳು ಕಾಲೇಜಿಗೆ ಹೋಗಿದ್ದಾಳೆ, ಹೋಗಲೇಬೇಕು. ಹಾಗಾಗಿ ಈ ವಿದ್ಯೆ ಮುಂದಿನ ತಲೆಮಾರಿಗೆ ದಾಟುವ ದಾರಿಗಳಲ್ಲಿ ಕಲಾಶಾಲೆಯಿಂದ ಸೂಜಿ ಹಿಡಿದು ಹೊರಬರುವ ಈ ಕೆಲವರೂ ಒಂದು ದಾರಿ. ಅವರು ಮೂರು ವರ್ಷ ತಾಳಿಕೊಂಡರೆ ಹತ್ತು ಮನೆಗೆ ಕೆಲಸ ಸಿಗುತ್ತದೆ. ಮಾಘದಲ್ಲಿ ಮನೆಯಲ್ಲಿ ಮದುವೆ ಇದ್ದು ಕಸೂತಿ ಸೀರೆ ಬೇಕೆನ್ನುವವರು ನಾಗರಪಂಚಮಿ ಮುಗಿಯುತ್ತಲೇ ಆರ್ಡರು ಕೊಡಿ. ಅರ್ಧ ಹಣ ಮುಂಗಡ ಕೊಡಿ. ಹೊಲಿದವರ ಹೆಸರು ಕೇಳಿ ಬರೆಸಿಕೊಳ್ಳಿ, ಚೌಕಾಸಿಯನ್ನು ಬೇರೆ ಅಂಗಡಿಗೆ ಇಟ್ಟುಕೊಳ್ಳಿ.